ಚಿಕ್ಕಬೆಟ್ಟಕ್ಕೆ ಅತ್ತೆಯ ದಾರಿ

ನಮ್ಮ ಮನೆ ಇರುವುದು ಚನ್ನರಾಯಪಟ್ಟಣದಲ್ಲಿ. ಅಲ್ಲಿಂದ ಬೆಳಗೊಳಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯಷ್ಟು ದಾರಿ. ಹಾಸನದಿಂದಾಗಲಿ ಅರಕಲಗೂಡಿನಿಂದಾಗಲಿ ನೆಂಟರು ಬಂದರೆ, ಮಾರನೇ ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಊರಿನ ಆಚೆ ಈಚೆ ಎರಡು ಬೆಟ್ಟ, ನಡುವೆ ಕೊಳ. ಕೆಲವರು ಕೊಳದ ಕಟ್ಟೆಯ ಹತ್ತಿರವೇ ಫೋಟೋ ತೆಗೆಸಿಕೊಂಡು ಸಾಕೆನ್ನುತ್ತಾರೆ, ಕೆಲವರು ತುದಿ ಕಾಣದೆ ಇಳಿಯುವುದಿಲ್ಲ. ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ತಾರೀಖು, ಹತ್ತಲು ಶುರು ಮಾಡಿದ ಹೊತ್ತು, ಎಣಿಸಿದ ಮೆಟ್ಟಿಲು, ದಾರಿಯಲ್ಲಿ ಎಷ್ಟು ಕಡೆ ಕೂತೆವು, ಹೀಗೆ. ಇದುವರೆಗೆ ದೊಡ್ಡಬೆಟ್ಟ ಆರು ಸಲ, ಚಿಕ್ಕಬೆಟ್ಟ ಹನ್ನೊಂದು ಸಲ ಆಗಿದೆ.

ಪುಸ್ತಕದ ಕೊನೆಯ ಪುಟದಲ್ಲಿ ಹೊಸಬರಿಗೆ ಒಂದಿಷ್ಟು ಸೂಚನೆಗಳಿವೆ. ಮೊದಲ ಬಸ್ಸಿಗೇ ಹೊರಡಿ, ಬಂಡೆ ಕಾಯುವ ಮುಂಚೆ ಹತ್ತಿ ಇಳಿದುಬಿಡಿ. ಚಪ್ಪಲಿ ಕೆಳಗೇ ಬಿಡಬೇಕಾದ್ದರಿಂದ ಕಾಲುಚೀಲ ತನ್ನಿ. ಒಂದೇ ದಿನ ಎರಡೂ ಬೆಟ್ಟ ಬೇಡ. ಎಳನೀರು ಇಳಿದ ಮೇಲೆ ಕುಡಿಯಿರಿ, ಹತ್ತುವ ಮುಂಚೆ ಎರಡೆರಡು ಕುಡಿದು ಆಮೇಲೆ ಪರದಾಡಬೇಡಿ. ಸಮಯ ಉಳಿದರೆ ಜಿನನಾಥಪುರಕ್ಕೆ ನಡೆದೇ ಹೋಗಿ, ಅಲ್ಲಿನ ಬಸದಿಯ ಒಳಭಾಗಕ್ಕಿಂತ ಹೊರಗೋಡೆಯನ್ನು ನಿಧಾನವಾಗಿ ನೋಡಿ. ಬರುವವರಿಗೆಲ್ಲ ಈ ಪುಟದ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಓದಿಕೊಂಡು ಬರುವವರು ಕಡಿಮೆ. ಓದಿಕೊಂಡು ಬಂದವರು ನಮ್ಮ ಹಳೇಕೋಟೆಯ ಮಾವ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಅತ್ತೆಯ ಬಲಗಾಲಿನ ಮಂಡಿಗೆ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಏರು, ಇಳಿಜಾರು ಎಲ್ಲ ನಡೆಯಬಹುದು ಎಂದು ಡಾಕ್ಟರು ಹೇಳಿದ್ದರೂ ಮಾವ ಮಾತ್ರ ಅವರನ್ನು ತೋಟಕ್ಕೆ ಬಿಟ್ಟಿರಲಿಲ್ಲ. ತೋಟಕ್ಕೆ ಹೋಗಬೇಕಾದರೆ ನಾಲೆಯ ಏರಿ ಹತ್ತಿ ಇಳಿದು, ಗದ್ದೆಯ ಬದುಗಳ ಮೇಲೆ ನಡೆಯಬೇಕು. ದೀಪಾವಳಿಗೆ ನಾವು ಹೋದಾಗ ಇದೇ ಮಾತು ಎದ್ದಿತು.

"ನಾಲೆ ಏರಿ ಅತ್ತಕ್ಕೋಗಿ ಬಿದ್ರೆ ಎತ್ತೋರು ಯಾರು?" ಎಂದರು ಮಾವ.

"ಎಂಟು ತಿಂಗ್ಳಾಯ್ತು ಕಣ್ರೀ, ತ್ವಾಟದ ಮಕ ನೋಡಿ," ಎಂದರು ಅತ್ತೆ. "ನಾ ನೆಟ್ಟ ಬದ್ನೆ ಗಿಡ. ಕಾಯಿ ಎಷ್ಟ್ ಬಿಟ್ಟವೆ ಅಂತ ಕೇಳುದ್ರೆ 'ಅವೆ, ಅವೆ' ಅಂತೀರ. ಅವೆ ಅಂದ್ರೆ ಎಷ್ಟು?"

ಮಾವ ನನ್ನ ಕಡೆ ತಿರುಗಿದರು. "ಬೆಟ್ಟದ ಲೆಕ್ಕ ಬರಿಯೋಳು ಇಲ್ಲೇ ಕುಂತವ್ಳಲ್ಲ. ನಿಮ್ಮತ್ತೆ ಚಿಕ್ಕಬೆಟ್ಟ ಅತ್ತಿ ಇಳೀಲಿ. ಯಾರ ಕೈನೂ ಇಡೀಬಾರ್ದು. ಆಮೇಲೆ ದಿನಾ ತ್ವಾಟಕ್ಕೆ ಓಗ್ಲಿ, ನಾನು ಬ್ಯಾಡ ಅಂದ್ರೆ ಕೇಳು."

"ಮೆಟ್ಲು ಪಕ್ಕದ್ ಕಂಬಿ ಇಡ್ಕಬೋದಾ?" ಎಂದರು ಅತ್ತೆ.

"ಕಂಬಿ ಇಡ್ಕ. ಮನುಷ್ಯರ್ನ ಇಡೀಬ್ಯಾಡ."

ಡಿಸೆಂಬರಿನ ಒಂದು ಶನಿವಾರ ಸಂಜೆ ಇಬ್ಬರೂ ಹೊಳೆನರಸೀಪುರದ ಬಸ್ಸಿನಿಂದ ಬಂದಿಳಿದರು. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ನಾವು ಮೂವರೂ ಚಿಕ್ಕಬೆಟ್ಟದ ಬುಡದಲ್ಲಿದ್ದೆವು. ಚಳಿ ಇತ್ತು. ಬಂಡೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಅತ್ತೆ ಆಸ್ಪತ್ರೆಯವರು ಹೇಳಿ ಕೊಡಿಸಿದ್ದ ಮೆತ್ತನೆಯ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಮಾವ ಜೇಬಿನಿಂದ ಹೊಸ ಬಿಳಿ ಕಾಲುಚೀಲ ತೆಗೆದು, ಕೂತು, ಎಳೆದೆಳೆದು ಹಾಕಿಕೊಂಡರು.

"ಮದ್ವೆ ದಿನಾನೂ ಇಂಥವು ಆಕಿರ್ಲಿಲ್ವಲ್ಲ ನೀವು," ಎಂದರು ಅತ್ತೆ.

"ನಿನ್ ಸೊಸೇನೇ ಬರ್ದವ್ಳೆ ಕಣೆ, ತನ್ನಿ ಅಂತ."

ಮೊದಲ ಮೆಟ್ಟಿಲುಗಳಲ್ಲೇ ಕಷ್ಟವಾಯಿತು. ಬಂಡೆಯಲ್ಲಿ ಕಡಿದ ಆ ಮೆಟ್ಟಿಲುಗಳ ಎತ್ತರ ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಅತ್ತೆ ಎಡಗಾಲು ಮೇಲಿಟ್ಟು, ಕಂಬಿ ಹಿಡಿದು, ಬಲಗಾಲನ್ನು ಎಳೆದುಕೊಳ್ಳುತ್ತಿದ್ದರು. ನಾನು ಹುರಿದುಂಬಿಸಲೆಂದು, "ಇಪ್ಪತ್ತಾರು ಆಯ್ತು ಅತ್ತೆ," ಎಂದೆ.

"ಆಗಿದ್ದೂ ಏಳ್ಬ್ಯಾಡ, ಉಳ್ದಿದ್ದೂ ಏಳ್ಬ್ಯಾಡ, ತಾಯಿ," ಎಂದು ಅಲ್ಲೇ ಕೂತುಬಿಟ್ಟರು.

ಮಾವ ಗೆದ್ದವರಂತೆ ಏನೂ ಕಾಣಲಿಲ್ಲ. ಎರಡು ಮೆಟ್ಟಿಲು ಕೆಳಗೆ ನಿಂತು ಕೊಳದ ಕಡೆ ನೋಡುತ್ತಿದ್ದರು. "ಇಳ್ದ್ಬುಡವಾ ಅಂದ್ರೆ ಇಳ್ಯವ," ಎಂದರು ಮೆಲ್ಲಗೆ. ನಾನು ಪುಸ್ತಕದಲ್ಲಿ 'ಕೂತದ್ದು: ಒಂದು' ಎಂದು ಬರೆದೆ. ಅದರ ಮುಂದಿನ ಸಾಲಿನಲ್ಲಿ ಏನು ಬರೆಯಬೇಕಾಗುವುದೋ ಎಂದು ಬೇಸರವಾಗತೊಡಗಿತ್ತು.

ಅತ್ತೆ ಮಾತ್ರ ಮೆಟ್ಟಿಲನ್ನು ಬಿಟ್ಟು ಪಕ್ಕದ ಬರಿ ಬಂಡೆಯನ್ನು ನೋಡುತ್ತಿದ್ದರು. ಕೈ ಚಾಚಿ ಅದನ್ನು ಸವರಿದರು. "ಇದೇನು, ನಮ್ ನಾಲೆ ಏರಿಗಿಂತ ಕಡಿದಾ?" ಎಂದರು. ಎದ್ದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಂಬಿ ಬಿಟ್ಟು, ಬಂಡೆಗೆ ಕಾಲಿಟ್ಟರು.

ಅವರು ನೇರ ಹತ್ತಲಿಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಇರುವವರು ಏರಿ ಹತ್ತುವ ಹಾಗೆ ಓರೆಯಾಗಿ ಎಡಕ್ಕೆ ಹತ್ತು ಹೆಜ್ಜೆ, ತಿರುಗಿ ಬಲಕ್ಕೆ ಹತ್ತು ಹೆಜ್ಜೆ. ಕಾಲ್ಬೆರಳು ಮೊದಲು ಊರಿ, ಆಮೇಲೆ ಹಿಮ್ಮಡಿ. ಮೆಟ್ಟಿಲಲ್ಲಿ ಮಡಿಸಬೇಕಾಗಿದ್ದಷ್ಟು ಮಂಡಿಯನ್ನು ಇಲ್ಲಿ ಮಡಿಸಬೇಕಾಗಲೇ ಇಲ್ಲ. ನಾವಿಬ್ಬರೂ ಮೆಟ್ಟಿಲ ಮೇಲೆ, ಅವರು ಬಂಡೆಯ ಮೇಲೆ.

"ಲೇ, ಮೆಟ್ಲು ಇರೋದ್ಯಾಕೆ?" ಎಂದು ಮಾವ ಕೂಗಿದರು.

"ಮೆಟ್ಲು ಕಡ್ದೋರ ಕಾಲು ಉದ್ದ ಇತ್ತು. ನಂದು ಗಿಡ್ಡ!"

ತುದಿ ಮುಟ್ಟುವ ಹೊತ್ತಿಗೆ ಅವರು ಇನ್ನೆರಡು ಕಡೆ ಕೂತಿದ್ದರು. ಮೇಲಿನಿಂದ ಒಂದು ಕಡೆಗೆ ಕೊಳ, ಅದರಾಚೆ ದೊಡ್ಡಬೆಟ್ಟ. ಇನ್ನೊಂದು ಕಡೆಗೆ ತೆಂಗಿನ ತೋಟಗಳ ನಡುವೆ ಜಿನನಾಥಪುರ. ಬಂದವರೆಲ್ಲ ಮೊದಲು ದೊಡ್ಡಬೆಟ್ಟ ನೋಡುತ್ತಾರೆ. ಅತ್ತೆ ಜಿನನಾಥಪುರದ ಕೆರೆ ನೋಡಿ, "ನೀರು ಚೆನ್ನಾಗದೆ. ತೂಬು ಎತ್ಲಾಗೆ?" ಎಂದು ಕೇಳಿದರು. ಹನ್ನೊಂದು ಸಲ ಬಂದಿದ್ದ ನನಗೆ ಅದು ಗೊತ್ತಿರಲಿಲ್ಲ.

ಇಳಿಯುವಾಗ ಅತ್ತೆ ಮತ್ತೆ ಬಂಡೆಯ ಮೇಲೇ ಓರೆಯಾಗಿ ಹೊರಟರು. ಮಾವ ಪಕ್ಕದ ಮೆಟ್ಟಿಲಲ್ಲಿದ್ದರು. ನೆರಳಿದ್ದ ಒಂದು ಕಡೆ ಇಬ್ಬನಿ ಹಾಗೇ ಇತ್ತು. ಅಲ್ಲಿ ಅವರ ಹೊಸ ಕಾಲುಚೀಲ ಸರ್ರನೆ ಜಾರಿತು. ಕಂಬಿ ಒಂದು ಮಾರು ದೂರ. ಸಿಕ್ಕಿದ್ದು ಅತ್ತೆಯ ಕೈ. ಅತ್ತೆ ಅಲುಗಲಿಲ್ಲ.

"ಇಡ್ಕಳಿ. ಬುಡ್ಬ್ಯಾಡಿ," ಎಂದರು ಅಷ್ಟೇ.

ಕಂಬಿ ಸಿಗುವವರೆಗೂ ಮಾವ ಬಿಡಲಿಲ್ಲ. ಕೆಳಗೆ ಬಂದು ಕೂತ ಮೇಲೆ ಮಾತ್ರ ಅವರಿಗೆ ಧೈರ್ಯ ಬಂತು. "ಕೈ ಇಡ್ದಿದ್ದಾಯ್ತಲ್ಲ? ಮಾತು ಅಂದ್ಮೇಲೆ ಮಾತು. ಏನ್ ಬರ್ದೆ, ಓದು," ಎಂದರು ನನಗೆ.

ನಾನು ಓದಿದೆ: "ಕೈ ಹಿಡಿದದ್ದು: ಒಂದು ಸಲ. ಹಿಡಿದವರು: ಮಾವ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ಒದ್ದೆ ಕಾಲುಚೀಲಗಳನ್ನು ಕಳಚಿ, ಸುರುಳಿ ಸುತ್ತಿ, ಜೇಬಿಗೆ ಹಾಕಿಕೊಂಡರು.

ಜಿನನಾಥಪುರಕ್ಕೆ ನಡೆದೇ ಹೋದೆವು. ಬಸದಿ ನೋಡಿಕೊಂಡು ಕೆರೆಯ ಹತ್ತಿರ ಕೂತು, ಕಟ್ಟಿಕೊಂಡು ಬಂದಿದ್ದ ಅಕ್ಕಿ ರೊಟ್ಟಿ ತಿಂದೆವು. ಮಾವ ನೀರನ್ನೇ ನೋಡುತ್ತಾ, "ಬುಧ್ವಾರ ನಾಲೇಲಿ ನೀರು ಬುಡ್ತಾರೆ. ಒತ್ತಾರೇನೆ ತ್ವಾಟಕ್ಕೋಗ್ಬೇಕು. ಎದ್ದಿರು," ಎಂದರು.

"ನಾ ಯಾವತ್ತು ನಿಮ್ಗಿಂತ ಲೇಟಾಗಿ ಎದ್ದಿವ್ನಿ?" ಎಂದರು ಅತ್ತೆ.

ಆ ದಿನದ ಪುಟದಲ್ಲಿ ಮೆಟ್ಟಿಲಿನ ಜಾಗದಲ್ಲಿ 'ಇಪ್ಪತ್ತಾರು, ಮುಂದಕ್ಕೆ ಬಂಡೆ' ಎಂದಿದೆ. ಕೊನೆಯ ಪುಟದ ಸೂಚನೆಗೆ 'ಇಬ್ಬನಿ ಇದ್ದರೆ ಕಾಲುಚೀಲ ಬೇಡ' ಎಂದು ಸೇರಿಸಿದೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಫೋನು ಬಂತು. ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

"ಪುಸ್ತಕ ತಗದು ಬರ್ಕ ಮಗ. ಬದ್ನೆಕಾಯಿ ನಲವತ್ತೊಂದು."