ಗರಗದ ದಾರಿಯ ದ್ರಾಕ್ಷಿ ತೋಟ

ಗರಗದ ದಾರಿಯಲ್ಲಿ ನಮ್ಮ ಬಸ್ಸು ಎಂಜಿನ್ ಬಿಸಿಯೇರಿ ನಿಂತಿತು. ಡ್ರೈವರ್ ಹುಸೇನಸಾಬರು ತಗಡಿನ ಡಬ್ಬಿ ಹಿಡಿದು ಪಕ್ಕದ ದ್ರಾಕ್ಷಿ ತೋಟದ ಬಾವಿಗೆ ಹೊರಟರು. ಬಾಯಾರಿದ್ದ ನಾನೂ ಹಿಂದೆ ಹೋದೆ. ಬಾವಿ ತುಂಬಿತ್ತು. ಆದರೆ ಬಳ್ಳಿಗಳ ಬುಡದ ಮಣ್ಣು ತೆಗೆದು ಬೇರುಗಳನ್ನು ಬಿಸಿಲಿಗೆ ಬಿಟ್ಟಿದ್ದರು. ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ತುಂಬಿದ ಬಾವಿಯ ಪಕ್ಕದಲ್ಲೇ ಇಂಥ ಉಪವಾಸವನ್ನು ನಾನೆಲ್ಲೂ ಕಂಡಿರಲಿಲ್ಲ.

ಸಾಬರು ನೀರು ಹೊತ್ತು ಬಳ್ಳಿಗಳ ನಡುವೆ ಬರುತ್ತಿದ್ದಂತೆ ತೋಟದ ಯಜಮಾನ ಬಸಪ್ಪನವರು ಅಡ್ಡ ಬಂದರು.

"ಈ ಕಡೆ ಬ್ಯಾಡ್ರಿ, ಬದುವಿನ ಮ್ಯಾಲ ಹೋಗ್ರಿ. ಡಬ್ಬಿ ಸೋರಾಕತ್ತೈತಿ."

"ನಾಕು ಹನಿ ಬಿದ್ರ ಏನಾತ್ರಿ, ಕಾಕಾ?" ಎಂದರು ಸಾಬರು.

"ಬಳ್ಳಿ ಮಲಗ್ಯಾವ್ರಿ. ಟೊಂಗಿ ಕತ್ತರಿಸೂತನಕ ಏಳಬಾರದು. ಈಗ ನೀರು ಕಂಡು ಚಿಗುರಿದ್ರ, ಹಿಂಗಾರಿ ಮಳಿ ಮುಗಿಯೂದ್ರಾಗ ಹೂವು ಬಿಟ್ಟು ಎಲ್ಲಾ ಉದುರಿ ಹೋಗ್ತಾವು."

ಹೇಳುತ್ತಲೇ ಅವರು ಮೂಡಣದ ಮೋಡ ನೋಡಿದರು. ಸುತ್ತಲಿನ ಜೋಳದ ಹೊಲದವರೆಲ್ಲ ಕಾಯುತ್ತಿದ್ದುದು ಅದೇ ಮೋಡವನ್ನು. ಇವರೊಬ್ಬರಿಗೆ ಅದು ಬೇಡವಾಗಿತ್ತು.

ಗುಡಿಸಲ ಮುಂದೆ ಬಸಪ್ಪನವರ ತಾಯಿ ನನಗೆ ಬೆಲ್ಲ ಕೊಟ್ಟು, ತಂಬಿಗೆಯಲ್ಲಿ ನೀರು ಕೊಟ್ಟರು. ತಾವೂ ಒಂದು ತಂಬಿಗೆ ತುಂಬಿಕೊಂಡು, ತೋಟಕ್ಕೆ ಬೆನ್ನು ಮಾಡಿ ಕುಳಿತು ಕುಡಿದರು. ಹಾಗೇಕೆ ಕುಳಿತಿರಿ ಎಂದು ಕೇಳಿದೆ.

"ಬಳ್ಳಿಗೆ ನೀರು ಕೊಡಬಾರದು ಅಂತಾನ ಮಗ. ಅವ ಹೇಳೂದು ಖರೇನ. ಆದ್ರ ಅವುಗಳ ಮುಂದ ಕುಡ್ಯಾಕ ನನಗ ಮನಸ್ಸಾಗೂದಿಲ್ರಿ."

ತುಟಿಯವರೆಗೆ ಎತ್ತಿದ್ದ ತಂಬಿಗೆಯನ್ನು ಇಳಿಸಿದೆ. ರಸ್ತೆಯ ಕಡೆ ತಿರುಗಿ ಕುಳಿತು, ಆಮೇಲೆ ಕುಡಿದೆ.