ಹಾಟ್ ಪ್ರೆಸ್‌ನ ಕೆಳಗಿನ ಸಾಲು

ಆ ವಸಂತದಲ್ಲಿ ಐರ್ಲೆಂಡಿನ ಗಾಲ್ವೇಯ ಅಂಗಡಿಗಳಿಂದ ಮೈದಾ, ಗೋಧಿಹಿಟ್ಟು ಎರಡೂ ಮಾಯವಾಗಿದ್ದವು. ನಮ್ಮ ಮನೆಯಲ್ಲಿ ಹಿಟ್ಟಿತ್ತು, ಆದರೆ ಅದು ಹುಳಗಳ ಪಾಲಿನದು. ಲಾಕ್‌ಡೌನ್ ಎಂದು ಯೂನಿವರ್ಸಿಟಿಯ ಲ್ಯಾಬ್ ಮುಚ್ಚಿದಾಗ, ಗೈಡ್ ಅವರ ಅನುಮತಿ ಪಡೆದು, ನನ್ನ ಪಿಎಚ್‌ಡಿಯ ಹಿಟ್ಟುಹುಳಗಳನ್ನು ಮನೆಗೇ ತಂದಿದ್ದೆ. ಅವಕ್ಕೆ ಬೆಚ್ಚಗಿರಬೇಕು. ನಮ್ಮ ಬಾಡಿಗೆ ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಜಾಗ: ಬಿಸಿನೀರಿನ ಟ್ಯಾಂಕ್ ಇರುವ, ಟವೆಲ್ ಒಣಗಿಸುವ ಮಹಡಿಯ ಕಪಾಟು. ಇಲ್ಲಿಯವರು ಅದನ್ನು ಹಾಟ್ ಪ್ರೆಸ್ ಅನ್ನುತ್ತಾರೆ.

ಅದರೊಳಗೆ ಮೂರು ಸಾಲು ಸೀಸೆ. ಮೇಲಿನ ಸಾಲಿನ ಗಂಡುಗಳು ಹುಟ್ಟಿದಾಗಿನಿಂದ ಚೆನ್ನಾಗಿ ತಿಂದವು. ನಡುವಿನವು ಯಾವಾಗಲೂ ಅರೆಹೊಟ್ಟೆ. ಕೆಳಗಿನವು ಮರಿಯಾಗಿದ್ದಾಗ ಅರೆಹೊಟ್ಟೆಯಲ್ಲಿದ್ದು, ರೆಕ್ಕೆ ಬಂದ ಮೇಲೆ ಹೊಟ್ಟೆತುಂಬ ಉಂಡವು. ಬಾಲ್ಯದ ಹಸಿವನ್ನು ಆಮೇಲಿನ ಊಟ ಸರಿಮಾಡುತ್ತದೆಯೇ? ಇಂಥ ಗಂಡಿಗೆ ಮಕ್ಕಳಾಗುತ್ತವೆಯೇ? ನನ್ನ ಥೀಸಿಸ್ ನಿಂತದ್ದೇ ಆ ಕೆಳಗಿನ ಸಾಲಿನ ಮೇಲೆ. ಅವನ್ನು ಹೆಣ್ಣುಗಳ ಜೊತೆ ಬಿಟ್ಟು ವಾರವಾಗಿತ್ತು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆನ್‌ಲೈನ್ ಮೀಟಿಂಗ್ ಮುಗಿಸಿ ಕೆಳಗಿಳಿದರೆ ಅಡುಗೆಮನೆಯಲ್ಲಿ ಜರಡಿಯ ಸದ್ದು. ನಮ್ಮನ್ನು ನೋಡಲು ಬಂದು, ವಿಮಾನ ನಿಂತು ಇಲ್ಲೇ ಉಳಿದಿದ್ದ ಅತ್ತೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೆಳಗಿನ ಸಾಲಿನ ಸೀಸೆಗಳೆಲ್ಲ ಖಾಲಿ!

"ಹಿಟ್ಟನ್ನ ಟವೆಲ್ ಹಿಂದೆ ಬಚ್ಚಿಟ್ರೆ ಹುಳ ಬೀಳದೆ ಇರುತ್ತಾ? ಎಲ್ಲಾ ಹಿತ್ತಲಿಗೆ ಎಸೆದೆ ಕಣೇ. ಹಿಟ್ಟು ಮಾತ್ರ ಎಸೀಲಿಲ್ಲ. ಈ ಕಾಲದಲ್ಲಿ ಯಾರಾದ್ರೂ ಹಿಟ್ಟು ಎಸೀತಾರಾ?"

ನನಗೆ ತಲೆ ಕೆಟ್ಟುಹೋಯಿತು. ಹಿರಿಯರು ಅನ್ನುವುದನ್ನೂ ನೋಡದೆ ಕೂಗಾಡಿದೆ. "ಅಯ್ಯೋ ಅತ್ತೆ, ಅವು ನನ್ನ ಹುಳಗಳು! ಚಿಕ್ಕಂದಿನಲ್ಲಿ ಹೊಟ್ಟೆಗಿಲ್ಲದೆ ಬೆಳೆದ ಗಂಡುಗಳು. ಅವಕ್ಕೆ ಮಕ್ಕಳಾಗುತ್ತಾ ಅಂತ ನೋಡೋಕೇ ಇಷ್ಟೆಲ್ಲ ಒದ್ದಾಡಿದ್ದು!"

ಅತ್ತೆಯ ಕೈ ನಿಂತಿತು, ಮುಖ ಬಿಳಿಚಿಕೊಂಡಿತು. ನಾನು ಏನು ಅಂದುಬಿಟ್ಟೆ ಅನ್ನುವುದು ಆಗ ಹೊಳೆಯಿತು. ನನ್ನವರಿಗೆ ಮೂರು ವರ್ಷವಿದ್ದಾಗ ಮಾವ ತೀರಿಕೊಂಡಿದ್ದರು. ಅತ್ತೆ ಮಗನನ್ನು ನೀರುಗಂಜಿಯಲ್ಲೇ ಸಾಕಿದ್ದರು. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಕೊರತೆ ನನ್ನವರದ್ದು ಎಂದು ಡಾಕ್ಟರು ಹೇಳಿದ್ದು ಅತ್ತೆಗೂ ಗೊತ್ತಿತ್ತು.

"ಮೊಟ್ಟೆ ಬಹಳ ಸಣ್ಣವು ಅತ್ತೆ, ಹಿಟ್ಟಿನ ಜೊತೆ ಜರಡಿಯಿಂದ ಇಳಿದಿರಬಹುದು" ಅಂದದ್ದೇ ತಡ, ಅವರು ಅಷ್ಟೂ ಹಿಟ್ಟನ್ನು ಸ್ಟೀಲ್ ಡಬ್ಬಿಗೆ ತುಂಬಿ ಹಾಟ್ ಪ್ರೆಸ್‌ನಲ್ಲಿಟ್ಟರು. ಆಮೇಲೆ ದಿನವಿಡೀ ಮಹಡಿ ಹತ್ತುವುದು, ಇಳಿಯುವುದು. "ಪದೇ ಪದೇ ತೆಗೆದ್ರೆ ಶಾಖ ಹೋಗುತ್ತೆ ಅತ್ತೆ!" ಎಂದು ಗದರಿ, ಅವರು ಸ್ನಾನಕ್ಕೆ ಹೋದಾಗ ನಾನೂ ಕದ್ದು ನೋಡುತ್ತಿದ್ದೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ನನ್ನವರು ನಗುತ್ತಾ ಇಲ್ಲಿಯವರ ಧಾಟಿಯಲ್ಲಿ ಸಮಾಧಾನ ಹೇಳುತ್ತಿದ್ದರು: "ಎಲ್ಲಾ ಗ್ರ್ಯಾಂಡ್ ಆಗುತ್ತೆ ಬಿಡಮ್ಮಾ."

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಮಹಡಿಯಿಂದ ಅತ್ತೆಯ ಕೂಗು: "ಬೇಗ ಬಾರೇ! ಹಿಟ್ಟು ಅಲ್ಲಾಡ್ತಿದೆ!"

ಎರಡೆರಡು ಮೆಟ್ಟಿಲು ಹಾರಿ ಓಡಿದೆ. ಹಿಟ್ಟಿನ ಮೇಲೆಲ್ಲ ಸಣ್ಣ ಗೆರೆಗಳು, ಅವುಗಳ ತುದಿಯಲ್ಲಿ ದಾರದ ತುಂಡಿನಂಥ ಮರಿಗಳು, ಒಂದಲ್ಲ ಎರಡಲ್ಲ! "ಆಯ್ತು ಅತ್ತೆ, ಅವಕ್ಕೂ ಮಕ್ಕಳಾಯ್ತು!" ಎಂದು ಅವರನ್ನು ಅಪ್ಪಿಕೊಂಡು ಕುಣಿದೆ.

ಅತ್ತೆ ಡಬ್ಬಿಯಿಂದ ಕಣ್ಣು ಕೀಳಲಿಲ್ಲ. "ಹಾಗಾದ್ರೆ ನನ್ನ ಮಗನಿಗೆ ಹೀಗಾಗಿದ್ದು ನಾನು ಕೊಟ್ಟ ಗಂಜಿಯಿಂದ ಅಲ್ಲ, ಅಲ್ವೇನೇ?"

ಕೆಳಗಿನ ಸಾಲಿನ ಸೀಸೆಗಳ ಹಿಟ್ಟೆಲ್ಲ ಬೆರೆತುಹೋಗಿತ್ತು, ಯಾವ ಮರಿಗೆ ಯಾರು ಅಪ್ಪನೋ, ಪ್ರಯೋಗವನ್ನು ಮೊದಲಿಂದ ಮಾಡಬೇಕಿತ್ತು. ಹುಳದ ವಿಷಯ ಮನುಷ್ಯನಿಗೂ ಹೊಂದುತ್ತದೆ ಎಂದು ನಾನು ಯಾರಿಗೂ ಹೇಳಿದವಳಲ್ಲ. ಅವರ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡೆ.

"ನಿಮ್ಮ ಗಂಜಿಯಿಂದಲೇ ಅತ್ತೆ, ಅವರು ಬದುಕಿದ್ದು."