ಚಪ್ಪಲಿ ಕಾಯುವವಳು ಸಮುದ್ರಕ್ಕೆ ಇಳಿದದ್ದು

ನನಗೆ ಈಜು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ನಂಬುವುದಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಮೇಷ್ಟ್ರು ಕಲಿಸಿದ್ದು ಎಷ್ಟೋ ಮರೆತುಹೋಗಿದೆ, ಬಾವಿ ಕಲಿಸಿದ್ದು ಮಾತ್ರ ಮರೆತಿಲ್ಲ. ಈಗ ನಾಗರಬಾವಿಯಲ್ಲಿ ಕಾಲೇಜು ಹುಡುಗರು ಬಾಡಿಗೆಗಿರುವ ಒಂದು ಕಟ್ಟಡವಿದೆ. ಅವರು ಸ್ಕೂಟರ್ ನಿಲ್ಲಿಸುವ ಜಾಗದಲ್ಲೇ ನಮ್ಮಪ್ಪನ ಬಾವಿ ಇತ್ತು. ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, "ನೀರು ಗಂಡು ಹೆಣ್ಣು ಅಂತ ನೋಡ್ಕೊಂಡು ಮುಳುಗಿಸಲ್ಲ, ಕಲ್ತುಕೋ" ಎಂದು ಬಾವಿಗೆ ತಳ್ಳಿದ. ಅಮ್ಮ ಮೇಲೆ ನಿಂತು, "ನಾಳೆ ಇವಳನ್ನ ಯಾರು ಮದ್ವೆ ಆಗ್ತಾರೆ?" ಎಂದು ಕೂಗಿದಳು.

"ಯಾವುದಾದ್ರೂ ಮೀನು ಆಗುತ್ತೆ, ಸುಮ್ನಿರು" ಎಂದ ಅಪ್ಪ.

ಆ ಬಾವಿಗೆ ಒಂದು ಕಾನೂನಿತ್ತು. ಮುಳುಗಿ ತಳದಿಂದ ಒಂದು ಮುಷ್ಟಿ ಮಣ್ಣು ತಂದು ತೋರಿಸಿದವರಿಗೆ ಮಾತ್ರ ಈಜು ಬಂತು ಅಂತ ಲೆಕ್ಕ. ನಾನು ತಂದೆ. ಕಪ್ಪು ಮಣ್ಣು, ಅದರೊಳಗೆ ಒಂದು ಸತ್ತ ಏಡಿ ಬೇರೆ. ಅದನ್ನು ಅಣ್ಣನ ಅಂಗಿಯೊಳಗೆ ಹಾಕಿದೆ.

ಇಂಥ ನಾನು ಸಮುದ್ರ ಕಂಡರೆ ನಡುಗುತ್ತೇನೆ. ಮೊದಲ ಸಲ ನೋಡಿದ್ದು ಮದುವೆಯಾದ ಮೇಲೆ, ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಯಾತ್ರೆ ಹೋದಾಗ. ಬಾವಿಯ ನೀರು ಇದ್ದಲ್ಲೇ ಇರುತ್ತದೆ. ಬೇಕಾದರೆ ನಾವು ಅದರ ಹತ್ತಿರ ಹೋಗಬೇಕು. ಸಮುದ್ರ ಹಾಗಲ್ಲ. ಕರೆಯದ ನೆಂಟರ ಹಾಗೆ ಅದೇ ನಮ್ಮ ಹತ್ತಿರ ಬರುತ್ತದೆ, ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎತ್ತಿಕೊಂಡು ಹೋಗುತ್ತದೆ. ಸುಸ್ತಾದರೆ ಹಿಡಿದುಕೊಳ್ಳೋಣ ಅಂದರೆ ಸುತ್ತ ಗೋಡೆಯೂ ಇಲ್ಲ. ಅವತ್ತು ಓಡಿಬಂದು ಬಸ್ಸಿನಲ್ಲಿ ಕೂತವಳು ಊರು ಬರುವವರೆಗೂ ಇಳಿಯಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಮಗ, ಸೊಸೆ, ಎರಡನೇ ಕ್ಲಾಸಿನ ಮೊಮ್ಮಗಳು ನನ್ನನ್ನು ಉಡುಪಿಗೆ ಕರೆದುಕೊಂಡು ಹೋಗಿದ್ದರು. ದೇವರ ದರ್ಶನ ಚೆನ್ನಾಗಾಯಿತು. ಸಮುದ್ರದ ಹತ್ತಿರ ಮಾತ್ರ ನಾನು, "ಚಪ್ಪಲಿ ಯಾರು ನೋಡ್ಕೋತಾರೆ? ಕಳ್ಳರ ಕಾಲ" ಎಂದು ದೂರದಲ್ಲಿ ಕೂತುಬಿಟ್ಟೆ. ಮೊಮ್ಮಗಳು ಒಂದು ಅಲೆ ನೋಡಿದಳು, ಚಪ್ಪಲಿ ಕಾಯುವ ಅಜ್ಜಿಯನ್ನು ನೋಡಿದಳು, ಓಡಿಬಂದು ನನ್ನ ಮಡಿಲಲ್ಲಿ ಕೂತಳು. ಅಲ್ಲಿಂದ ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

ಅದು ನನಗೆ ಚುಚ್ಚಿತು. ಅವಳಿಗೆ ನನ್ನ ಮೂಗು ಬಂದಿದೆ, ದಪ್ಪ ಮೂಗು, ಪಾಪ. ಮೂಗು ಸಾಕು, ಹೆದರಿಕೆಯೂ ಬೇಡ ಅನ್ನಿಸಿತು. ಅತ್ತಿಗುಪ್ಪೆಯ ನಮ್ಮ ಮನೆಗೆ ವಾಪಸ್ ಬಂದವಳೇ ಸೊಸೆಯ ಬೆನ್ನು ಹತ್ತಿ, ಮಗುವನ್ನು ಬಸವೇಶ್ವರನಗರದ ಕಡೆ ಇರುವ ಒಂದು ಸ್ವಿಮ್ಮಿಂಗ್ ಪೂಲಿಗೆ ಸೇರಿಸಿದೆ. ಭಾನುವಾರ ಭಾನುವಾರ ಕ್ಲಾಸು. ಆಟೋದಲ್ಲಿ ಕರೆದುಕೊಂಡು ಹೋಗುವವಳು ನಾನೇ.

ಹೋಗಿ ಏನು ಮಾಡುವುದು, ಅವಳು ದಡದ ಕಂಬಿ ಬಿಟ್ಟರೆ ತಾನೇ! ಉಳಿದ ಮಕ್ಕಳು ಕಪ್ಪೆಗಳ ಹಾಗೆ ನೆಗೆಯುತ್ತಿದ್ದರೆ ಇವಳು ಕಂಬಿ ತಬ್ಬಿಕೊಂಡು ನಿಂತಿರುತ್ತಿದ್ದಳು. ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ.

"ಬಿಡೇ ಕಂಬೀನ! ನೀರೇ ನಿನ್ನ ಎತ್ಕೊಳ್ಳುತ್ತೆ ಕಣೇ!"

ಈಜು ಕಲಿಸುವ ಮಾಸ್ಟರ್ ನನ್ನ ಕಡೆ ತಿರುಗಿ, "ಅಜ್ಜಿ, ನೀವ್ ಕೂತ್ಕೊಳಿ. ನಾನ್ ನೋಡ್ಕೋತೀನಿ" ಎಂದರು.

"ಏನ್ ನೋಡ್ಕೋತೀರ ಸಾರ್, ಗೋಡೆಗೆ ಅಂಟಿರೋ ಹಲ್ಲಿ ಥರ ಇದಾಳೆ! ಒಂದ್ಸಲ ತಳ್ಳಿ!"

ಪೂಲಿಗೆ ಪೂಲೇ ನಕ್ಕಿತು. ಮೊಮ್ಮಗಳ ಮೂಗು ಕೆಂಪಾಯಿತು. ನೀರಿನಿಂದಲೇ ಕೂಗಿದಳು: "ನೀನೇನ್ ಕಮ್ಮಿನಾ? ಸಮುದ್ರದಲ್ಲಿ ಚಪ್ಪಲಿ ಕಾಯ್ತಾ ಕೂತಿದ್ದೆ!"

ಈಗ ಪೂಲು ನನ್ನನ್ನು ನೋಡಿ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸಂತೂ ಬಾಯಿಗೆ ದುಪ್ಪಟ್ಟಾ ತುರುಕಿಕೊಂಡಳು.

ವಾಪಸ್ ಬರುವಾಗ ಆಟೋದಲ್ಲಿ ವ್ಯಾಪಾರ ಶುರುವಾಯಿತು. "ನಾನು ಈ ಕಡೆಯಿಂದ ಆ ಕಡೆಗೆ ಈಜಿದ್ರೆ, ನೀನು ಸಮುದ್ರಕ್ಕೆ ಇಳೀತೀಯಾ? ಸುಮ್ನೆ ಕಾಲ್ ತೊಳ್ಕೊಂಡ್ ಬರೋದಲ್ಲ. ತಲೆ ಒದ್ದೆ ಆಗ್ಬೇಕು. ಕೆಳಗಿಂದ ಒಂದು ಮುಷ್ಟಿ ಮರಳು ತರ್ಬೇಕು. ಬಾವೀಲಿ ತರ್ತಿದ್ದೆ ಅಂತ ಕೊಚ್ಕೋತೀಯಲ್ಲ, ಹಂಗೆ."

"ಓಹೋ, ಇಳೀತೀನಿ" ಎಂದೆ. ಮದುವೆಯಾಗುವವರೆಗೂ ಇವಳು ಕಂಬಿ ಬಿಡುವುದಿಲ್ಲ ಎಂದುಕೊಂಡಿದ್ದೆ.

ಮಹಾಲಯ ಅಮಾವಾಸ್ಯೆಯ ಹಿಂದಿನ ಭಾನುವಾರ ಬಿಟ್ಟಳು. ಕಂಬಿ ಬಿಟ್ಟು, ಕಣ್ಣು ಮುಚ್ಚಿ, ಕೈಕಾಲು ಬಡಿದು, ಅರ್ಧ ಪೂಲಿನ ನೀರು ಕುಡಿದು, ಆಚೆ ಗೋಡೆ ಮುಟ್ಟಿದಳು. ನಾನು ಎದ್ದು ನಿಂತು ಹಾಕಿದ ಸಿಳ್ಳೆಗೆ ಮಾಸ್ಟರ್ ಕೊರಳಲ್ಲಿದ್ದ ಸೀಟಿಯೇ ನಾಚಿರಬೇಕು. ಮೇಲೆ ಬಂದವಳು ಮೂಗು ಒರೆಸಿಕೊಳ್ಳದೆ ಕೇಳಿದ ಮೊದಲ ಮಾತು: "ಅಜ್ಜಿ, ಯಾವಾಗ?"

ನನ್ನ ಖುಷಿ ಅಲ್ಲೇ ಇಂಗಿತು.

ಮಂಡಿನೋವು ಎಂದೆ. "ನೀರಲ್ಲಿ ಮಂಡಿಗೆ ಒಳ್ಳೇದಂತೆ, ಮಾಸ್ಟರ್ ಹೇಳಿದ್ರು" ಎಂದಳು. ಬಿಪಿ ಎಂದೆ. "ಮಾತ್ರೆ ನಾನೇ ಇಟ್ಕೊಂಡಿರ್ತೀನಿ" ಎಂದಳು. ಕೊನೆಗೆ ಸೊಂಟಕ್ಕೆ ಕೈಯಿಟ್ಟು, "ನೀನು ಇಳಿಯೋವರೆಗೂ ನಾನು ಪೂಲ್‌ಗೆ ಹೋಗಲ್ಲ" ಎಂದು ಹಟ ಹಿಡಿದಳು. ಮುಂದಿನ ಭಾನುವಾರ ನಿಜವಾಗಿಯೂ ಹೋಗಲಿಲ್ಲ. ಅಷ್ಟು ಕಷ್ಟಪಟ್ಟು ಬಿಡಿಸಿದ ಕಂಬಿಗೆ ಇವಳು ಮತ್ತೆ ಅಂಟಿಕೊಂಡರೆ ಗತಿಯೇನು ಎಂದು ನನಗೆ ಭಯ. ಆದರೆ ಸಮುದ್ರದ ಭಯ ಇನ್ನೂ ದೊಡ್ಡದು. ಹಾಗಾಗಿ ಇದ್ದುದರಲ್ಲೇ ಭಾರೀ ಅಸ್ತ್ರ ತೆಗೆದೆ.

"ನೋಡು ಪುಟ್ಟ, ಸಮುದ್ರ ಅಂದ್ರೆ ದೇವರು. ಪರ್ವದ ದಿನ ಬಿಟ್ಟು ಬೇರೆ ದಿನ ಅದನ್ನ ಮುಟ್ಟಬಾರ್ದು. ಶಾಸ್ತ್ರ."

ಅಡುಗೆಮನೆಯಿಂದ ಸೊಸೆ, "ಹೌದು ಅತ್ತೆ, ನಮ್ಮಮ್ಮನೂ ಹಂಗೇ ಹೇಳ್ತಿದ್ರು" ಎಂದಳು. ಜನ್ಮದಲ್ಲಿ ಒಂದು ಸಲ ಸೊಸೆ ನನ್ನ ಪಕ್ಷ. ಗೆದ್ದೆ ಎಂದುಕೊಂಡೆ.

ಮೊಮ್ಮಗಳು ಕುರ್ಚಿ ಎಳೆದುಕೊಂಡು ಹತ್ತಿ, ಮೊಳೆಯಿಂದ ಕ್ಯಾಲೆಂಡರ್ ಇಳಿಸಿಕೊಂಡು ಬಂದಳು. "ಹುಣ್ಣಿಮೆ ಪರ್ವಾನಾ ಅಜ್ಜಿ?"

"ಹುಣ್ಣಿಮೆ ಅಂದ್ರೆ ಬಲು ಶ್ರೇಷ್ಠ" ಎಂದೆ. ಭಕ್ತಿ ತೋರಿಸುವ ಚಪಲ, ನೋಡಿ.

"ದಸರಾ ರಜೇಲೇ ಇದೆ! ಅಪ್ಪಾ!"

ಮಗ ಮೊಬೈಲಿನಿಂದ ತಲೆಯೆತ್ತದೆ, "ಹೋಗೋಣ ಬಿಡು" ಎಂದ. ನನ್ನ ಕಥೆ ಮುಗಿಯಿತು.

ಇಲ್ಲ, ಇನ್ನೂ ಇತ್ತು. ಕಾರು ಘಾಟಿ ಇಳಿಯುತ್ತಿದ್ದಾಗ ಮಗ ಕನ್ನಡಿಯಲ್ಲಿ ನನ್ನನ್ನು ನೋಡಿ ಮೀಸೆಯಡಿ ನಕ್ಕ. "ಅಮ್ಮ, ಹುಣ್ಣಿಮೆ ದಿನ ಸಮುದ್ರ ಉಕ್ಕುತ್ತೆ. ಗೊತ್ತು ತಾನೆ?"

ಯಾರಿಗೆ ಗೊತ್ತಿಲ್ಲ! ಹಾಲು ಕುಡಿಯುವ ಮಗುವಿಗೂ ಗೊತ್ತು. ಆವತ್ತು ಕ್ಯಾಲೆಂಡರ್ ಮುಂದೆ ನನಗೊಬ್ಬಳಿಗೇ ಮರೆತುಹೋಗಿತ್ತು. ಸಣ್ಣ ಸಮುದ್ರಕ್ಕೆ ಹೆದರಿ, ಶಾಸ್ತ್ರ ಹೇಳಿ, ದೊಡ್ಡ ಸಮುದ್ರವನ್ನೇ ಕೇಳಿ ಪಡೆದುಕೊಂಡಿದ್ದೆ.

ಹುಣ್ಣಿಮೆಯ ದಿನ ಬಿಸಿಲೇರಿದ ಮೇಲೆ ದಡಕ್ಕೆ ಹೋದೆವು. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಸೊಸೆ ತನ್ನ ಚೂಡಿದಾರ್ ಹಾಕಿಸಿದ್ದಳು. ಕನ್ನಡಿಯಲ್ಲಿ ನೋಡಿಕೊಂಡರೆ ತಲೆದಿಂಬಿಗೆ ಕೈಕಾಲು ಬಂದ ಹಾಗಿತ್ತು. ನಾಲ್ಕೂ ಜೊತೆ ಚಪ್ಪಲಿಯನ್ನು ಒಂದೇ ಕಡೆ ಬಿಟ್ಟೆವು. ನಾನು ಅಭ್ಯಾಸಬಲದಿಂದ ಅವುಗಳ ಪಕ್ಕದಲ್ಲೇ ಕೂರಲು ಹೋದೆ. ಮೊಮ್ಮಗಳು ಕೈ ಹಿಡಿದು ಎಳೆದಳು.

ಸೀಟಿ ಹಿಡಿದು ನಿಂತಿದ್ದ ಕಾವಲಿನವನು, "ಇವತ್ತು ನೀರು ಜಾಸ್ತಿ ಉಂಟು. ಮೊಣಕಾಲಿಂದ ಮುಂದೆ ಹೋಗ್ಬೇಡಿ ಆಯ್ತಾ" ಎಂದ. ಅವನ ಕಾಲಿಗೆ ಬೀಳಬೇಕು ಅನ್ನಿಸಿತು.

ಮೊಣಕಾಲಷ್ಟು ನೀರಿಗೇ ನನ್ನ ಕಾಲು ಕಲ್ಲಾದವು. ಅಲೆ ಬಂತು, ಪಾದದಡಿಯ ಮರಳು ಜಾರಿತು, ಅದೇ ಹಳೇ ಕಳ್ಳತನ. "ಗೋಡೆ ಇಲ್ಲ ಕಣೇ, ಹಿಡ್ಕೊಳ್ಳೋಕೆ ಗೋಡೆ ಇಲ್ಲ" ಎಂದೆ. ನನ್ನ ದನಿ ನನಗೇ ಮಗುವಿನ ದನಿಯಂತೆ ಕೇಳಿಸಿತು.

ಮೊಮ್ಮಗಳು ನಗಲಿಲ್ಲ. ಸ್ವಲ್ಪ ಯೋಚಿಸಿ, ಅಪ್ಪನ ಒಂದು ಕೈ, ಅಮ್ಮನ ಒಂದು ಕೈ ಹಿಡಿದುಕೊಂಡಳು. "ನೀವಿಬ್ರೂ ಆ ಕಡೆ ಕೈ ಹಿಡ್ಕೊಳಿ. ಹಾಂ, ರೌಂಡಾಗಿ. ಅಜ್ಜಿ, ಮಧ್ಯಕ್ಕೆ ಬಾ. ಇದೇ ಬಾವಿ."

ಮಗ, ಸೊಸೆ, ಮೊಮ್ಮಗಳು, ಮೂವರೂ ನನ್ನ ಸುತ್ತ ಗೋಡೆಯಾಗಿ ನಿಂತರು. ಅಕ್ಕಪಕ್ಕದ ಜನ ಏನೋ ಪೂಜೆ ಎಂದುಕೊಂಡು ದಾರಿ ಬಿಟ್ಟರು. ನಾನು ನನ್ನ ಬಾವಿಯೊಳಗೆ ನಿಂತು, ಮೂಗು ಹಿಡಿದು, ಇನ್ನೇನು ಮುಳುಗಬೇಕು ಅನ್ನುವಷ್ಟರಲ್ಲಿ ಒಂದು ಅಲೆ ಬಂದು ಬಾವಿಯ ಗೋಡೆಯನ್ನೇ ಕೆಡವಿತು. ಮಗ ಅಂಗಾತ, ಸೊಸೆ ಬೋರಲು, ಮೊಮ್ಮಗಳು ಎಲ್ಲೋ. ಆಗ ಹೆದರಿಕೆ ಎಲ್ಲಿ ಹೋಯಿತೋ! ಮುಳುಗಿದೆ. ಕಿವಿಯಲ್ಲಿ ಭೋರ್ ಎಂದಿತು, ಬಾಯಿ ತುಂಬ ಉಪ್ಪು. ಎಡಗೈಗೆ ಫ್ರಾಕು ಸಿಕ್ಕಿತು, ಹಿಡಿದೆ. ಬಲಗೈಗೆ ತಳ ಸಿಕ್ಕಿತು, ಅದನ್ನೂ ಹಿಡಿದೆ.

ಎದ್ದು ನಿಂತಾಗ ಕಂಕುಳಲ್ಲಿ ಮೊಮ್ಮಗಳಿದ್ದಳು. ನನ್ನ ಕೂದಲೆಲ್ಲ ಮುಖದ ಮೇಲೆ. ಅವಳು ಕೆಮ್ಮಿದಳು, ಉಗುಳಿದಳು, ಆಮೇಲೆ ಕೈ ಮುಂದೆ ಚಾಚಿದಳು.

"ತೋರ್ಸು."

ಮುಷ್ಟಿ ಬಿಚ್ಚಿದೆ. ಹೊಳೆಯುವ ಮರಳು. ಅವಳು ಅಕ್ಕಸಾಲಿಗನ ಹಾಗೆ ಬೆರಳಲ್ಲಿ ಕೆದಕಿ ನೋಡಿ, "ಪಾಸ್" ಎಂದಳು. ಆ ಮರಳನ್ನು ಏನು ಮಾಡಿದೆ ಎಂದು ಕೇಳುತ್ತೀರಾ? ಆಗ ತಾನೇ ಎದ್ದು ಕೂರುತ್ತಿದ್ದ ಮಗನ ಅಂಗಿಯ ಕೊರಳು ಕೈಗೆ ಹತ್ತಿರವಿತ್ತು.

"ಅಮ್ಮಾ!" ಎಂದು ಅವನು ಕುಣಿದ ಕುಣಿತವನ್ನು ಉಡುಪಿ ಕಡೆಯವರು ಇನ್ನೂ ನೆನೆಸಿಕೊಳ್ಳುತ್ತಿರಬೇಕು.

ದಡಕ್ಕೆ ಬಂದು ನೋಡಿದರೆ ಚಪ್ಪಲಿಗಳೇ ಇಲ್ಲ. ಉಕ್ಕಿ ಬಂದ ಸಮುದ್ರ ಅಷ್ಟನ್ನೂ ಬಾಚಿಕೊಂಡು ಹೋಗಿತ್ತು, ಸೊಸೆಯ ಹೊಸ ಜೊತೆಯನ್ನೂ.

"ಅತ್ತೆ, ಚಪ್ಪಲಿ ನೋಡ್ಕೋಬಾರ್ದಿತ್ತಾ?"

"ನಾನ್ ಹೆಂಗಮ್ಮ ನೋಡ್ಕೊಳ್ಳಿ? ನಾನು ಸಮುದ್ರದಲ್ಲಿದ್ದೆ!" ಎಂದೆ. ಈ ಮಾತು ಹೇಳಲು ಎಷ್ಟು ರುಚಿಯಾಗಿತ್ತೆಂದರೆ, ಸುಡುವ ಮರಳಿನ ಮೇಲೆ ಕಾರಿನವರೆಗೂ ಕುಪ್ಪಳಿಸುತ್ತಾ ಹೋಗುವಾಗ ಮತ್ತೆ ಮತ್ತೆ ಹೇಳಿದೆ.

ಮೊನ್ನೆ ಭಾನುವಾರ ಮೊಮ್ಮಗಳು ಪೂಲಿಗೆ ದುಡುಮ್ಮನೆ ಹಾರಿದಳು, ಕಂಬಿ ಮುಟ್ಟದೆ. ಮುಳುಗಿದವಳು ಮೇಲೆ ಬರಲಿಲ್ಲ, ಬರಲಿಲ್ಲ, ಆಮೇಲೆ ಬಂದಳು, ಮುಷ್ಟಿ ಎತ್ತಿಕೊಂಡು. ಟೈಲ್ಸ್ ಹಾಕಿದ ಪೂಲಿನಲ್ಲಿ ಮಣ್ಣೆಲ್ಲಿ ಬರಬೇಕು? ಯಾರದೋ ತಲೆಯ ಕ್ಲಿಪ್ಪು ತಂದಿದ್ದಳು.

"ಪಾಸ್! ಪಾಸ್ ಕಣೇ!" ಎಂದು ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

"ಅಜ್ಜಿ, ಕೂತ್ಕೊಳಿ" ಎಂದರು ಮಾಸ್ಟರ್. ನಾನು ಕೂರಲಿಲ್ಲ.